ಮೆಂತ್ಯದ ಕುಕ್ಕೆ, ನೂರು ಕ್ಯಾಂಡಲ್ ಬಲ್ಬು

ಸಾಲಿಗ್ರಾಮದ ಭದ್ರಮ್ಮ ಬೇರೆಯವರ ಮನೆಯಲ್ಲಿ ಊಟ ಮಾಡಿದವಳಲ್ಲ. ಮದುವೆಗೆ ಹೋಗುವಳು, ಅಕ್ಷತೆ ಹಾಕುವಳು, ತಾಂಬೂಲ ಇಸಕೊಳ್ಳುವಳು. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಅವಳಿಗೆ ಹೊಟ್ಟೆನೋವು ಶುರುವಾಗುತ್ತಿತ್ತು. ಯಾರಾದರೂ ಬಲವಂತಕ್ಕೆ ಒಬ್ಬಟ್ಟು ಕಟ್ಟಿಕೊಟ್ಟರೆ ಮನೆಗೆ ತಂದು ಎಮ್ಮೆಗೆ ಹಾಕುವಳು. ಎಮ್ಮೆಗೆ ಏನೂ ಆಗುವುದಿಲ್ಲವೇ ಎಂದು ಕೇಳಿದರೆ, ‘ಅದು ಮೊದ್ಲೇ ಯಾರ ಮಾತೂ ಕೇಳಾಕಿಲ್ಲ, ಅದ್ಕೆ ಯಾವ ಮದ್ದು ನಾಟ್ತದೆ?’ ಅನ್ನುವಳು.

ಈ ಮದ್ದು ಕಾಯಿಲೆಗೆ ಕೊಡುವ ಮದ್ದಲ್ಲ. ಅನ್ನದಲ್ಲೋ ಸಾರಿನಲ್ಲೋ ಗುಟ್ಟಾಗಿ ಕಲಸಿ ಇಡುವ ಪುಡಿ. ತಿಂದವನು ಹಾಕಿದವರ ಕೈಗೊಂಬೆಯಾಗಿ, ಅವರು ಕೂರು ಅಂದರೆ ಕೂತು ಏಳು ಅಂದರೆ ಏಳುತ್ತಾನೆ ಎಂದು ನಮ್ಮ ಕಡೆಯ ನಂಬಿಕೆ. ಅಂಥ ಪುಡಿಯನ್ನು ಕಣ್ಣಾರೆ ಕಂಡವರನ್ನು ನಾನಂತೂ ನೋಡಿಲ್ಲ. ಆದರೆ ಅದಕ್ಕೆ ಹೆದರಿ ಹಸಿದುಕೊಂಡು ಬಂದವರನ್ನು ಬೇಕಾದಷ್ಟು ನೋಡಿದ್ದೇನೆ.

ಭದ್ರಮ್ಮ ನಮ್ಮ ಅಜ್ಜನ ತಂಗಿ. ನಾನು ಕಾಣುವ ಹೊತ್ತಿಗೆ ಹಣ್ಣು ಹಣ್ಣು ಮುದುಕಿ. ಆಗಲೂ ಏನು ಕೊಟ್ಟರೂ ಮೊದಲು ಮೂಗಿಗೆ ಹಿಡಿಯುವಳು, ಆಮೇಲೆ ಬಾಯಿಗೆ. ಕುಡಿಯುವ ನೀರನ್ನೂ ಮೂಸುವಳು. ನಾನು ಮೊದಲ ಸಲ ಹೋಗಿ ಕಾಲಿಗೆ ಬಿದ್ದಾಗ, ಯಾರ ಮೊಮ್ಮಗ ಎಂದು ಹೇಳಿ ಮುಗಿಸಿದ ಮೇಲೂ, ನನ್ನ ತಲೆಯನ್ನು ಒಂದು ಸಲ ಮೂಸಿ ನೋಡಿಯೇ ಆಶೀರ್ವಾದ ಮಾಡಿದ್ದು.

ಅವಳನ್ನು ನೋಡಿ ನಗುವುದು ಸುಲಭ, ನಾವೆಲ್ಲ ನಗುತ್ತಿದ್ದೆವು. ಆದರೆ ಆ ಮೂಗು ಅವಳಿಗೆ ಅನ್ನ ಹಾಕಿತ್ತು. ಗಂಡ ಸತ್ತಾಗ ಭದ್ರಮ್ಮ ಇನ್ನೂ ಚಿಕ್ಕವಳು, ಮಗ ನಂಜಯ್ಯ ತೊಡೆಯ ಮೇಲಿನ ಕೂಸು. ಒಂದು ಬೆಳಿಗ್ಗೆ ಗದ್ದೆಯ ಬದುವಿನ ಮೇಲೆ ಹೋಗುವಾಗ ಹಸಿಮಣ್ಣಿನ ವಾಸನೆ ಬಂತಂತೆ. ಮಳೆಯಿಲ್ಲದ ಕಾಲ, ಉಳುಮೆ ಇಲ್ಲದ ಕಾಲ. ಈಗೆಲ್ಲಿಂದ ಬಂತು ಹಸಿಮಣ್ಣು ಎಂದು ಬಗ್ಗಿ ಬಗ್ಗಿ ಮೂಸುತ್ತ ಹೋದರೆ, ಎಲ್ಲೆಕಲ್ಲನ್ನು ಕಿತ್ತು ಈಚೆಗೆ ನೆಟ್ಟು, ಮೇಲೆ ಒಣಹುಲ್ಲು ಹರಡಿತ್ತು. ಮಾಡಿದವರು ಬೇರೆ ಯಾರೂ ಅಲ್ಲ, ಗಂಡನ ಅಣ್ಣತಮ್ಮಂದಿರೇ. ಭದ್ರಮ್ಮ ಊರಿನವರನ್ನೆಲ್ಲ ಕೂಗಿ ಕರೆದು ಕಲ್ಲನ್ನು ಹಿಂದಕ್ಕೆ ಹಾಕಿಸಿದಳು. ಅವತ್ತಿನಿಂದ ಅವಳು ನಂಬಿದ್ದು ತನ್ನ ಮೂಗೊಂದನ್ನೇ. ಅದರಲ್ಲಿ ಅವಳ ತಪ್ಪೇನೂ ಇಲ್ಲ ಎಂದು ನಾನು ಹೇಳುತ್ತೇನೆ.

ನಂಜಯ್ಯನಿಗೆ ಹೆಣ್ಣು ಹುಡುಕುವಾಗ ಹತ್ತಿರದ ಊರಿನ ಯಾವ ಹೆಣ್ಣನ್ನೂ ಒಪ್ಪಲಿಲ್ಲ. ಭೇರ್ಯದ ಹೆಣ್ಣು ತಂದರೆ ತವರಿನವರು ವಾರಕ್ಕೊಮ್ಮೆ ಬಂದು ಮನೆಯ ಗುಟ್ಟು ಹೊತ್ತುಕೊಂಡು ಹೋಗುತ್ತಾರೆ ಅನ್ನುವ ಸಂಶಯ. ಅದಕ್ಕೇ ದೂರದ ಹೆಗ್ಗಡದೇವನಕೋಟೆ ಕಡೆಯ ಸಣ್ಣತಾಯಮ್ಮನನ್ನು ತಂದಳು. ಮದುವೆ ಮುಗಿದು ಚಪ್ಪರ ಬಿಚ್ಚಿದ ಮೇಲೆ ಯಾರೋ ಪುಣ್ಯಾತ್ಗಿತ್ತಿ ಕಿವಿಯಲ್ಲಿ ಊದಿದಳು: ಕೋಟೆಯ ಆಚೆಗೆ ಕಾಡು, ಕಾಡಿನ ಆಚೆಗೆ ಮಲೆಯಾಳ, ಮದ್ದೆಲ್ಲ ಬರುವುದೇ ಆ ದಾರಿಯಲ್ಲಿ. ಭದ್ರಮ್ಮ ಸೊಸೆಗೆ ಒಂದು ಮಾತೂ ಅನ್ನಲಿಲ್ಲ, ಕಣ್ಣಿಟ್ಟು ಕಾಯತೊಡಗಿದಳು.

ಅಷ್ಟರಲ್ಲಿ ಕೃಷ್ಣರಾಜನಗರದ ಕಡೆಯಿಂದ ಕಂಬಗಳು ಸಾಲಾಗಿ ಬಂದು ಸಾಲಿಗ್ರಾಮಕ್ಕೂ ಕರೆಂಟು ಬಂತು. ನಂಜಯ್ಯ ಆಸೆಪಟ್ಟು ನಡುಮನೆಗೆ ಒಂದು, ಜಗಲಿಗೆ ಒಂದು ದೀಪ ಹಾಕಿಸಿದ. ಹಾಕಿದವನು ವೈರ್‌ಮನ್ ಗುರುಸ್ವಾಮಿ. ನಡುಮನೆಯಲ್ಲಿ ಅಟ್ಟದ ತೊಲೆಯಿಂದ ಗೇಣುದ್ದ ವೈರು ಇಳಿಬಿಟ್ಟು, ಹೋಲ್ಡರು ಕಟ್ಟಿ, ಇಪ್ಪತ್ತೈದು ವ್ಯಾಟಿನ ಬಲ್ಬು ಸಿಕ್ಕಿಸಿದ. ಆಗ ಜನ ವ್ಯಾಟು ಅನ್ನುತ್ತಿರಲಿಲ್ಲ, ಇಪ್ಪತ್ತೈದು ಕ್ಯಾಂಡಲ್ ಅನ್ನುತ್ತಿದ್ದರು.

ದೀಪ ಹತ್ತಿದ್ದೇ ತಡ, ಭದ್ರಮ್ಮನಿಗೆ ಹೊಸ ಚಿಂತೆ. ಎಣ್ಣೆಯ ದೀಪ ತನ್ನ ಕಾಲಬುಡದಲ್ಲಿ ಬೆಳಗುತ್ತಿತ್ತು. ಇದು ಕಿಟಕಿ ದಾಟಿ ಬೀದಿಗೆ ಹೋಗುತ್ತದೆ. ನಾವು ಏನು ಉಣ್ಣುತ್ತೇವೆ, ಎಷ್ಟು ಉಣ್ಣುತ್ತೇವೆ ಎಂದು ಹೋಗಿಬರುವವರೆಲ್ಲ ಕಂಡರೆ ದೃಷ್ಟಿ ತಾಕದೇ ಇರುತ್ತದೆಯೇ? ಅವಳು ಅಟ್ಟದಿಂದ ಒಂದು ಬಿದಿರಿನ ಕುಕ್ಕೆ ಇಳಿಸಿದಳು. ಅವಳ ಕೈಯಿಂದಲೇ ಮೆಂತ್ಯ ಬಳಿದ ಕುಕ್ಕೆ. ನೆನೆಸಿದ ಮೆಂತ್ಯವನ್ನೂ ಹಳೆಯ ಕಾಗದವನ್ನೂ ಒರಳಲ್ಲಿ ರುಬ್ಬಿ, ಕುಕ್ಕೆಗೂ ಮೊರಕ್ಕೂ ಒಳಗೆ ಹೊರಗೆ ಬಳಿದು ಒಣಗಿಸುವುದು ನಮ್ಮ ಹೆಂಗಸರ ಪದ್ಧತಿ. ಸಂದು ಮುಚ್ಚುತ್ತದೆ, ಸಣ್ಣ ಕಾಳು ಸೋರುವುದಿಲ್ಲ. ಅದರ ತಳಕ್ಕೆ ತೂತು ಮಾಡಿಸಿ, ನಂಜಯ್ಯನ ಕೈಯಲ್ಲಿ ಬಲ್ಬಿನ ಮೇಲೆ ಕವುಚಿ ಕಟ್ಟಿಸಿದಳು. ಬೆಳಕು ಕೆಳಗೆ ಒಂದು ಚಾಪೆಯಗಲ ಬಿತ್ತು. ಬೀದಿ ಕತ್ತಲಾಯಿತು, ಅವಳಿಗೆ ಸಮಾಧಾನವಾಯಿತು.

ಮುಂದಿನ ಸಲ ಬಂದ ಗುರುಸ್ವಾಮಿ ಕುಕ್ಕೆ ನೋಡಿ ತಲೆ ಕೆರೆದುಕೊಂಡ.

‘ಅಮ್ಮಾವ್ರೇ, ಇದು ಬರೀ ಬೆಳಕಲ್ಲ ಕಣ್ರವ್ವ. ಒಳಗಿರೋ ತಂತಿ ಕೆಂಪಗೆ ಕಾದು ಬೆಳಗ್ತದೆ. ಬಲ್ಬಿನ ಮೇಲೆ ಏನೂ ಇಲ್ದಿದ್ರೆ ಕಾವು ಗಾಳಿಗೆ ಹೋಯ್ತದೆ. ಇಂಗೆ ಕುಕ್ಕೆ ಕವುಚಿದ್ರೆ ಎಲ್ಲಿಗೋದಾತು? ತೆಗೆದ್ಬುಡಿ. ಇಲ್ಲ, ಇಟ್ಟೇ ಇಡ್ತೀನಿ ಅಂದ್ರೆ ಈ ಇಪ್ಪತ್ತೈದರ ಮೇಲೆ ಒಂದು ಕ್ಯಾಂಡಲೂ ಏರಿಸ್ಬೇಡಿ. ಈ ಹೋಲ್ಡರು ತಡಿಯೋದೂ ಅಷ್ಟೇಯ.’

‘ಶಾನುಭೋಗರ ಮನೇಲಿ ಹಗಲಾದಂಗೆ ಬೆಳಗ್ತದಲ್ಲಪ್ಪ? ಅಲ್ಲಿ ಯಾಕೆ ಕಾಯಾಕಿಲ್ಲ?’ ಎಂದಳು ಭದ್ರಮ್ಮ.

‘ಅಲ್ಲಿರೋದು ನೂರು ಕ್ಯಾಂಡಲ್. ಅದ್ಕೆ ತಕ್ಕಂಗೆ ಪಿಂಗಾಣಿ ಹೋಲ್ಡರು ಹಾಕಿ, ಅಗಲವಾದ ತಗಡಿನ ಮುಚ್ಚಳ ಕಟ್ಟಿ, ತೊಲೆಯಿಂದ ಬಲು ಕೆಳಗೆ ಇಳಿಬಿಟ್ಟವ್ರೆ. ಅವ್ರ ಬಲ್ಬು ಅವ್ರ ಮುಚ್ಚಳಕ್ಕೆ ಸರಿ. ನಿಮ್ಮ ಕುಕ್ಕೆಗೆ ಸರಿಯಲ್ಲ.’

ಇಷ್ಟು ಬಿಡಿಸಿ ಹೇಳಿದ್ದೇ ತಪ್ಪಾಯಿತು. ಯಾರಾದರೂ ವಿವರವಾಗಿ ಮಾತಾಡಿದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಅನ್ನುವುದು ಭದ್ರಮ್ಮನ ಲೆಕ್ಕ. ಶಾನುಭೋಗರ ಮನೆಗೆ ಒಳ್ಳೆಯ ಬಲ್ಬು, ಗತಿಯಿಲ್ಲದವಳ ಮನೆಗೆ ಮಂಕು ಬಲ್ಬು. ಕೇಳಿದರೆ ಕಾವಿನ ಕಥೆ. ನಂಜಯ್ಯ ಮಂಡಿಗೆ ಬೆಲ್ಲ ಹಾಕಲು ಮೈಸೂರಿಗೆ ಹೊರಟಾಗ, ಶಾನುಭೋಗರ ಮನೆಯದರಷ್ಟೇ ದೊಡ್ಡದು ತಾ ಎಂದು ಕಟ್ಟುನಿಟ್ಟಾಗಿ ಹೇಳಿದಳು. ಅವನು ನೂರು ಕ್ಯಾಂಡಲ್ ಬಲ್ಬು ತಂದು, ಕುಕ್ಕೆಯೊಳಗೆ ಕೈ ಹಾಕಿ ಹಳೆಯದನ್ನು ತೆಗೆದು ಅದನ್ನು ಸಿಕ್ಕಿಸಿದ. ತಾಯಿ ಹೇಳಿದ್ದಕ್ಕೆ ಎದುರಾಡುವ ಜಾಯಮಾನ ಅವನದಲ್ಲ. ಹಾಗೆ ನೋಡಿದರೆ ಯಾರು ಹೇಳಿದ್ದಕ್ಕೂ ಅಲ್ಲ.

ಭದ್ರಮ್ಮ ಮಾತ್ರ ಸ್ವಿಚ್ಚು ಮುಟ್ಟುತ್ತಿರಲಿಲ್ಲ. ಗೋಡೆಯೊಳಗಿನಿಂದ ಏನು ಬಂದು ಕೈ ಹಿಡಿಯುತ್ತದೋ ಯಾರಿಗೆ ಗೊತ್ತು. ದಿನಾ ಸಂಜೆ ದೀಪ ಹಾಕುವುದು ಸೊಸೆಯ ಕೆಲಸ. ಸಣ್ಣತಾಯಮ್ಮ ಕೈಕಾಲು ತೊಳೆದು, ಸ್ವಿಚ್ಚು ಒತ್ತಿ, ದೀಪಕ್ಕೊಂದು ಕೈಮುಗಿದು ಅಡಿಗೆಮನೆಗೆ ಹೋಗುವಳು. ಅತ್ತೆ ನಡುಮನೆಯ ಮೂಲೆಯಲ್ಲಿ, ಬೆಳಕು ಕಣ್ಣಿಗೆ ಚುಚ್ಚದಷ್ಟು ದೂರದಲ್ಲಿ, ಕಂಬಕ್ಕೆ ಒರಗಿ ಕೂರುವಳು. ಒಳಗೆ ಮುದ್ದೆಗೆ ಎಸರು ಕುದಿಯುವ ಹೊತ್ತಿಗೆ ಮನೆಯಲ್ಲೆಲ್ಲ ಒಂದು ವಾಸನೆ ಏಳತೊಡಗಿತು. ಬಾಣಲೆಯಲ್ಲಿ ಮೆಂತ್ಯ ಹುರಿದರೆ ಬರುವ ವಾಸನೆ. ಮೊದಲು ಘಮ್ಮೆನ್ನುವುದು, ಆಮೇಲೆ ಕಹಿ, ಆಮೇಲೆ ಸೀದದ್ದು.

ಅವತ್ತು ಅಡಿಗೆಗೆ ಮೆಂತ್ಯ ಬೇಕಾಗಿರಲಿಲ್ಲ. ಮರುದಿನವೂ ಬೇಕಾಗಿರಲಿಲ್ಲ. ಆದರೂ ಸಂಜೆಯಾದರೆ ಅದೇ ವಾಸನೆ. ಭದ್ರಮ್ಮ ಮೆಂತ್ಯದ ಗಡಿಗೆಯ ಬಾಯಿ ಬಿಚ್ಚಿ, ಕಾಳಿನ ಮೇಲೆ ಬೆರಳಿಂದ ಗೆರೆ ಎಳೆದಿಟ್ಟಳು. ಮಾರನೆಯ ದಿನ ನೋಡಿದರೆ ಗೆರೆ ಇಟ್ಟಂತೆಯೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಸೊಸೆಯ ಮೇಲಿನ ಅನುಮಾನ ಅಲ್ಲಿಗೆ ಬಿಡುತ್ತಿದ್ದರು. ಭದ್ರಮ್ಮ ಇನ್ನೊಂದು ಹೆಜ್ಜೆ ಮುಂದೆ ಹೋದಳು: ಮನೆಯ ಮೆಂತ್ಯ ಮುಟ್ಟಿಲ್ಲ ಅಂದರೆ ತವರಿನಿಂದ ತಂದಿದ್ದಾಳೆ. ತವರಿನಿಂದ ತಂದು ಗುಟ್ಟಾಗಿ ಹುರಿಯುತ್ತಿದ್ದಾಳೆ ಅಂದರೆ ಅದು ಬರೀ ಮೆಂತ್ಯವಲ್ಲ.

ತಮಾಷೆಯೆಂದರೆ ಸಣ್ಣತಾಯಮ್ಮನಿಗೂ ವಾಸನೆ ಬರುತ್ತಿತ್ತು. ಇದನ್ನೆಲ್ಲ ನನಗೆ ಹೇಳಿದವಳು ಅವಳೇ. ‘ನಾನು ಅಡಿಗೆಮನೇಲಿ ಮುದ್ದೆ ತೊಳಸ್ತಾ ಇರೋವಾಗ, ಅತ್ತೆಮ್ಮ ನಡುಮನೇಲಿ ಒಬ್ರೇ ಕೂತ್ಕೊಂಡು ಅದೇನು ಹುರೀತಾರಪ್ಪ ಅಂತ ನಂಗೂ ದಿಗಿಲು. ನಂಗೇ ಏನೋ ಹಾಕ್ತಾವ್ರೆ ಅಂದ್ಕಂಡು ನಾನು ಸರ್ಯಾಗಿ ಉಣ್ತಾನೇ ಇರ್ಲಿಲ್ಲ.’ ಇಬ್ಬರು ಹೆಂಗಸರು ಒಂದೇ ವಾಸನೆ ಹಿಡಿದುಕೊಂಡು ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ಕಾಯುತ್ತಿದ್ದರು. ಒಬ್ಬಳಾದರೂ ಬಾಯಿಬಿಟ್ಟು ‘ಏನದು ವಾಸನೆ?’ ಎಂದು ಕೇಳಬಾರದೇ? ನನಗೆ ಇವತ್ತಿಗೂ ಇದನ್ನು ನೆನೆದರೆ ಮೈ ಉರಿಯುತ್ತದೆ. ನಂಜಯ್ಯನನ್ನು ಕೇಳಿದ್ದರೆ ಉಪಯೋಗವಿರಲಿಲ್ಲ. ಹೊತ್ತು ಹೊತ್ತಿಗೆ ನಶ್ಯ ಏರಿಸಿ ಅವನ ಮೂಗು ಎಂದೋ ಸತ್ತಿತ್ತು.

ಸೊಸೆ ಊಟ ಬಿಟ್ಟು ಸೊರಗಿದಳು. ತಾನು ಮಾಡಿದ ಸಾರನ್ನು ತಾನೇ ಉಣ್ಣುವುದಿಲ್ಲವಲ್ಲ, ಯಾಕೆ? ಭದ್ರಮ್ಮ ಅದನ್ನೂ ತನ್ನ ಅನುಮಾನಕ್ಕೆ ಸೇರಿಸಿಕೊಂಡಳು. ಮಗ ಒಂದು ಸಂಜೆ ಹೆಂಡತಿಗೆ ಸುಸ್ತೆಂದು ನೀರು ಸೇದಿಕೊಟ್ಟ. ಗಂಡಸು ಕೊಡ ಹೊತ್ತನಲ್ಲ! ಇನ್ನೇನು ಬೇಕು ಸಾಕ್ಷಿಗೆ.

ಸಣ್ಣತಾಯಮ್ಮ ಹೊಳೆಗೆ ಬಟ್ಟೆ ಒಗೆಯಲು ಹೋದಾಗ ಭದ್ರಮ್ಮ ಅವಳ ಟ್ರಂಕು ತೆಗೆದಳು. ಸೀರೆಯ ಮಡಿಕೆಯೊಳಗೆ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಪುಡಿ. ಮೂಗಿಗೆ ಹಿಡಿದರೆ ಮೆಂತ್ಯ.

ಸೊಸೆ ಒದ್ದೆ ಬಟ್ಟೆ ಹೊತ್ತು ಬಾಗಿಲಿಗೆ ಬರುವಷ್ಟರಲ್ಲಿ ಗಂಟು ನಡುಮನೆಯ ನೆಲದ ಮೇಲಿತ್ತು.

‘ಏನೇ ಇದು?’

‘ಸೀಗೆಪುಡಿ ಅತ್ತೆಮ್ಮ. ಕೂದ್ಲು ಉದುರ್ತದೆ ಅಂತ ನಮ್ಮವ್ವ ಮೆಂತ್ಯ ಬೆರೆಸಿ ಕುಟ್ಟಿ ಕೊಟ್ಟವ್ಳೆ.’

‘ತಲೆಗಾಕೋ ಸೀಗೆನ ಬಚ್ಚಲಲ್ಲಿ ಇಡ್ತಾರೋ, ಸೀರೆ ಒಳ್ಗೆ ಬಚ್ಚಿಡ್ತಾರೋ?’

ಸಣ್ಣತಾಯಮ್ಮ ಒದ್ದೆ ಬಟ್ಟೆಯನ್ನು ಕೆಳಗಿಳಿಸಿದಳು. ಬಚ್ಚಲಲ್ಲಿಟ್ಟರೆ ನೀವು ಮೂಸಿ ನೋಡಿ ಚೆಲ್ಲುತ್ತೀರಿ ಎಂದು ಬಚ್ಚಿಟ್ಟೆ ಅನ್ನುವುದನ್ನು ಅತ್ತೆಯ ಮುಖಕ್ಕೆ ಹೇಳುವುದಾದರೂ ಹೇಗೆ? ಆ ಸುಮ್ಮನಿರುವಿಕೆಯೇ ಸಾಕಾಯಿತು. ಗದ್ದೆಯಿಂದ ಬಂದ ಮಗನಿಗೆ ಭದ್ರಮ್ಮ ಹೇಳಿದಳು: ‘ಇವ್ಳನ್ನ ಕೋಟೆಗೆ ಬುಟ್ಟು ಬಾ. ಮತ್ತೆ ಕರ್ಕಬರೋದು ಬ್ಯಾಡ.’

‘ಅವ್ವಾ, ಅವ್ಳೇನು ಮಾಡಿದ್ಲು…’

‘ನೀನು ಮಾತಾಡ್ಬೇಡ ಕಣ್ಲಾ. ನಿನ್ ಬಾಯಲ್ಲಿ ಮಾತಾಡ್ತಿರೋದೇ ಮದ್ದು!’

ಮಾರನೆಯ ದಿನ ಬೆಳಿಗ್ಗೆ ಬಸ್ಸು ನಿಲ್ಲುವಲ್ಲಿಗೆ ಹೋಗಲು ಗಾಡಿ ಕಟ್ಟಿದರು. ಸಣ್ಣತಾಯಮ್ಮ ಅಳಲಿಲ್ಲ. ಟ್ರಂಕು ಗಾಡಿಗೆ ಏರಿಸಿದ ಮೇಲೆ ಹಿಂದಕ್ಕೆ ಬಂದು, ಹೊಸಿಲಾಚೆಯೇ ನಿಂತು, ‘ಸಂಜೆ ದೀಪ ಹಾಕೋರಿಲ್ಲ ನಿಮ್ಗೆ. ನಡುಮನೇದು ಬಲಗಡೆ ಸ್ವಿಚ್ಚು ಅತ್ತೆಮ್ಮ,’ ಎಂದಳು. ಭದ್ರಮ್ಮ ಮುಖ ತಿರುಗಿಸಿಕೊಂಡಳು. ಆ ಮಾತಿನಲ್ಲೂ ಏನಾದರೂ ಹುನ್ನಾರ ಇದೆಯೋ ಎಂದು ಅವಳು ದಿನವೆಲ್ಲ ಯೋಚಿಸಿದಳಂತೆ.

ಸಂಜೆಯಾಯಿತು. ಮಗ ಕೋಟೆಯಿಂದ ಬರುವುದು ಮಾರನೆಯ ದಿನ. ಒಂಟಿ ಮನೆಯಲ್ಲಿ ಕತ್ತಲು ಮುತ್ತಿದಾಗ ಭದ್ರಮ್ಮ ಒನಕೆ ಹಿಡಿದು, ಹಿಡಿದ ತುದಿಗೆ ಸೆರಗು ಸುತ್ತಿ, ದೂರದಲ್ಲಿ ನಿಂತು ಬಲಗಡೆಯ ಸ್ವಿಚ್ಚನ್ನು ತಿವಿದಳು. ದೀಪ ಹತ್ತಿತು. ತಿವಿದ ತಾನು ಇನ್ನೂ ಬದುಕಿರುವುದನ್ನು ಖಾತ್ರಿ ಮಾಡಿಕೊಂಡು ತನ್ನ ಮೂಲೆಗೆ ಹೋಗಿ ಕೂತಳು. ಪೀಡೆ ತೊಲಗಿತು, ಇನ್ನು ಮನೆ ಶುದ್ಧ ಎಂದುಕೊಂಡಳು.

ಸ್ವಲ್ಪ ಹೊತ್ತಿಗೆ ಮೆಂತ್ಯದ ವಾಸನೆ ಬಂತು.

ಭದ್ರಮ್ಮ ದಡಕ್ಕನೆ ಎದ್ದಳು. ಸೊಸೆ ದಾರಿಯಿಂದ ವಾಪಸು ಬಂದು ಎಲ್ಲೋ ಅಡಗಿದ್ದಾಳೆ! ಅಡಿಗೆಮನೆಗೆ ಹೋದಳು. ಒಲೆ ತಣ್ಣಗಿತ್ತು, ಬೂದಿಯಲ್ಲಿ ಬೆಕ್ಕು ಮಲಗಿತ್ತು. ಹಿತ್ತಿಲಿಗೆ ಹೋದಳು, ಎಮ್ಮೆ ಮೆಲುಕು ಹಾಕುತ್ತಿತ್ತು. ಪಕ್ಕದ ಮನೆಯವರೋ? ಗೋಡೆಗೆ ಮೂಗಿಟ್ಟಳು, ಇಲ್ಲ. ವಾಸನೆ ಹಿಡಿದು ನಡೆದರೆ ಅದು ಅವಳನ್ನು ಮತ್ತೆ ನಡುಮನೆಗೇ ತಂದಿತು, ಅವಳು ಎಂದೂ ಕೂರದ ಜಾಗಕ್ಕೆ, ದೀಪದ ನೇರ ಕೆಳಕ್ಕೆ. ಅಲ್ಲಿ ಅವಳ ಕಾಲಬಳಿ ಕಪ್ಪು ಹಪ್ಪಳದ ಚೂರಿನಂಥದ್ದು ಪಟ್ಟನೆ ಬಿತ್ತು. ಎತ್ತಿಕೊಂಡಳು, ಬೆರಳು ಸುಟ್ಟಿತು. ಮೂಸಿದಳು. ತಾನೇ ನೆನೆಸಿ, ತಾನೇ ರುಬ್ಬಿ, ತಾನೇ ಬಳಿದ ಮೆಂತ್ಯ.

ತಲೆಯೆತ್ತಿ ನೋಡಿದರೆ ಕುಕ್ಕೆಯ ಒಳಗೆಲ್ಲ ಇದ್ದಲು. ತಳದ ತೂತಿನಿಂದ ಎಳೆಹೊಗೆ ಏಳುತ್ತಿತ್ತು. ಅದರ ಮೇಲೆಯೇ ಅಟ್ಟ, ಅಟ್ಟದ ತುಂಬ ಒಣಗಿದ ತೆಂಗಿನ ಮಟ್ಟೆ. ಭದ್ರಮ್ಮ ಒನಕೆಯನ್ನೂ ಮರೆತು ಓಡಿಹೋಗಿ ಬರಿಗೈಯಲ್ಲೇ ಸ್ವಿಚ್ಚು ಆರಿಸಿದಳು. ಕತ್ತಲಲ್ಲೇ ಗೋಡೆಗೆ ಒರಗಿ ಕೂತಳು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮನೆ ಸುಟ್ಟುಹೋಗುತ್ತಿತ್ತಲ್ಲ ಅನ್ನುವ ಹೆದರಿಕೆಯಲ್ಲ, ಆ ಹುಡುಗಿ ಇನ್ನು ಬರುವುದಿಲ್ಲ ಅನ್ನುವ ಹೆದರಿಕೆ. ಮೂಗು ಸುಳ್ಳು ಹೇಳಿರಲಿಲ್ಲ ನೋಡಿ. ಮೆಂತ್ಯ ಅಂದಿತ್ತು, ಮೆಂತ್ಯವೇ ಇತ್ತು. ಮಿಕ್ಕದ್ದನ್ನೆಲ್ಲ ಕಟ್ಟಿದ್ದು ತಲೆ.

ಬೆಳಿಗ್ಗೆ ಅವಳು ಹೇಳಿಕಳಿಸಿದ್ದಕ್ಕೆ ಗುರುಸ್ವಾಮಿ ಬಂದು ಕುಕ್ಕೆ ಇಳಿಸಿದ. ವೈರಿಗೆ ಸುತ್ತಿದ್ದ ಬಟ್ಟೆಯ ಹೊದಿಕೆ ಅವನ ಕೈಯಲ್ಲೇ ಪುಡಿಪುಡಿಯಾಯಿತು. ಹೋಲ್ಡರು ಸೀಳಿತ್ತು. ‘ಪುಣ್ಯ ಮಾಡಿದ್ರಿ ಕಣವ್ವ,’ ಎಂದಷ್ಟೇ ಹೇಳಿ, ವೈರು ಹೋಲ್ಡರು ಎರಡನ್ನೂ ಹೊಸದಾಗಿ ಕಟ್ಟಿ, ಹಳೆಯ ಇಪ್ಪತ್ತೈದರ ಬಲ್ಬನ್ನೇ ಸಿಕ್ಕಿಸಿದ. ಭದ್ರಮ್ಮ ಅದರ ತಲೆಯ ಮೇಲಿನ ಅಂಕಿ ತೋರಿಸಿಕೊಂಡಳು. ಓದಲು ಬಾರದವಳು ಆ ಎರಡು ಅಂಕಿಯನ್ನು ಮಾತ್ರ ಕಲಿತಳು. ಎರಡನೆಯದು ಕುಡುಗೋಲಿನಂತಿದೆ ಎಂದು ಗುರುತಿಟ್ಟುಕೊಂಡಳು. ನನ್ನ ಕಾಲದಲ್ಲೂ ಹೊಸ ಬಲ್ಬು ತಂದರೆ ಕುಡುಗೋಲು ಕಂಡ ಮೇಲೆಯೇ ಹಾಕಲು ಬಿಡುತ್ತಿದ್ದಳು. ಕಿಟಕಿಗೆ ಹಳೆಯ ಸೀರೆಯ ಪರದೆ ಬಂತು. ದೃಷ್ಟಿಯ ಭಯ ಅಷ್ಟು ಸುಲಭಕ್ಕೆ ಹೋಗುತ್ತದೆಯೇ?

ನಂಜಯ್ಯ ಬಂದ. ಮರುದಿನವೇ ತಾಯಿ ಮಗ ಬಸ್ಸು ಹತ್ತಿ, ಹುಣಸೂರಿನ ಮೇಲೆ ಕೋಟೆಗೆ ಹೊರಟರು. ಸುಟ್ಟ ಕುಕ್ಕೆ ಭದ್ರಮ್ಮನ ತೊಡೆಯ ಮೇಲಿತ್ತು. ಬಸ್ಸಿನಲ್ಲಿ ಯಾರೋ ಏನವ್ವ ಇದು ಎಂದು ಕೇಳಿದ್ದಕ್ಕೆ, ‘ನನ್ ಬುದ್ಧಿ ಕಣಪ್ಪ,’ ಎಂದಳಂತೆ.

ಬೀಗಿತ್ತಿ ಪುಟ್ಟಸಿದ್ದಮ್ಮ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬನ್ನಿ ಅನ್ನಲಿಲ್ಲ. ಈ ಹೆಂಗಸು ಇನ್ನೇನು ಹುಡುಕಲು ಬಂದಿದ್ದಾಳೋ ಎಂದು ಸಂಶಯಪಡುವುದು ಈಗ ಅವಳ ಸರದಿ. ಭದ್ರಮ್ಮ ಕುಕ್ಕೆಯನ್ನು ಜಗಲಿಯ ಮೇಲಿಟ್ಟಳು.

‘ಮೂಸ್ ನೋಡವ್ವ. ನಿನ್ ಮಗ್ಳು ಹುರೀತಾಳೆ ಅಂದ್ಕಂಡ್ನಲ್ಲ ನಾನು, ಇದೇ ಆ ಮದ್ದು. ನನ್ ಕೈಯಾರೆ ಬಳ್ದು, ನನ್ ಬಾಯಾರೆ ನೂರು ಕ್ಯಾಂಡಲ್ ತರಿಸಿ, ನಾನೇ ಹುರ್ದಿದ್ದು.’

ಪುಟ್ಟಸಿದ್ದಮ್ಮ ಮೂಸಲಿಲ್ಲ. ಬಾಗಿಲ ಹಿಂದೆ ನಿಂತಿದ್ದ ಸಣ್ಣತಾಯಮ್ಮ ಬಂದು, ಕುಕ್ಕೆ ಎತ್ತಿ ಮೂಸಿ, ಕಣ್ಣು ಮುಚ್ಚಿದಳು. ಅವಳು ಅತ್ತೆಯ ಮೇಲೆ ಪಟ್ಟಿದ್ದ ಅನುಮಾನವೂ ಅದರಲ್ಲೇ ಇತ್ತಲ್ಲ.

‘ದೂರದಿಂದ ಬಂದಿದ್ದೀರಿ. ನೀರು ಕೊಡಾನ ಅಂದ್ರೆ ಮದ್ದಿನ ಮನೆ ನಮ್ದು,’ ಎಂದಳು ಪುಟ್ಟಸಿದ್ದಮ್ಮ.

‘ನೀರಲ್ಲ ಕಣವ್ವ. ಉಣ್ಣಾಕೆ ಇಕ್ಕು,’ ಎಂದಳು ಭದ್ರಮ್ಮ.

ನಶ್ಯದ ಚಿಟಿಕೆ ಮೂಗಿನ ಹತ್ತಿರ ಒಯ್ದಿದ್ದ ನಂಜಯ್ಯ ಹಾಗೆಯೇ ನಿಂತುಬಿಟ್ಟ.

ಒಳಗೆ ಮಣೆ ಹಾಕಿದರು. ಸಣ್ಣತಾಯಮ್ಮ ಮುದ್ದೆ, ಹುರುಳಿಕಾಳಿನ ಸಾರು ತಂದು ಬಡಿಸಿದಳು. ಭದ್ರಮ್ಮ ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿದಳು, ಕೈ ಎತ್ತಿದಳು. ಜನ್ಮದ ಅಭ್ಯಾಸ, ಕೈ ನೆಟ್ಟಗೆ ಮೂಗಿನ ಕಡೆಗೆ ಹೋಯಿತು. ತಾಯಿ ಮಗಳು ಇಬ್ಬರೂ ಅದನ್ನೇ ನೋಡುತ್ತಿದ್ದರು. ಕೈ ಅರ್ಧ ದಾರಿಯಲ್ಲಿ ನಿಂತಿತು. ಅಲ್ಲಿಂದ ಇಳಿದು ಬಾಯಿಗೆ ಹೋಯಿತು. ಭದ್ರಮ್ಮ ನುಂಗಿದಳು, ಇನ್ನೊಂದು ತುತ್ತು ಮುರಿದಳು. ಗಂಗಳದಲ್ಲಿ ಒಂದು ಕಾಳೂ ಉಳಿಸಲಿಲ್ಲ.

‘ಉಂಡ್ರಲ್ಲ ಅಕ್ಕಯ್ಯ,’ ಎಂದಳು ಪುಟ್ಟಸಿದ್ದಮ್ಮ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. ‘ಈಗ ನಾವು ಮದ್ದು ಹಾಕಿದ್ರೆ ಏನ್ ಮಾಡೀರಿ?’

‘ಹಾಕಿದ್ರೆ ಒಳ್ಳೇದೇ ಆಯ್ತು ಬುಡು. ಇನ್ಮೇಲೆ ನಿನ್ ಮಗ್ಳು ಹೇಳ್ದಂಗೆ ಕೇಳ್ಕೊಂಡಿರ್ತೀನಿ.’ ಭದ್ರಮ್ಮ ಎಂಜಲುಗೈಯಲ್ಲೇ ಸೊಸೆಯ ಕಡೆ ತಿರುಗಿದಳು. ‘ಹೇಳವ್ವ ತಾಯಿ. ಏನ್ ಮಾಡ್ಲಿ?’

ಸಣ್ಣತಾಯಮ್ಮ ಗಂಗಳ ಎತ್ತಿ, ತೊಳೆದಿಟ್ಟು ಬಂದಳು. ಅತ್ತೆ ಕಾದಳು. ಕೈಯ ಮೇಲಿನ ಸಾರು ಒಣಗಿತು.

‘ಇನ್ಮೇಲೆ ಸಂಜೆ ದೀಪ ನೀವೇ ಹಾಕ್ಬೇಕು,’ ಎಂದಳು ಸೊಸೆ ಕೊನೆಗೆ.

‘ಹಾಕ್ತೀನಿ ಕಣವ್ವ,’ ಎಂದಳು ಭದ್ರಮ್ಮ. ‘ಬಲಗಡೆ ಸ್ವಿಚ್ಚು ತಾನೇ?’